ಮೀನಿನ ಮುದುಕಿಯ ಚಿತ್ರ

ಆಂಸ್ಟರ್‌ಡ್ಯಾಂ, ಫೆಬ್ರವರಿ 9, 1654

ಕುಡಿದಿರ್ಲಿಲ್ಲ ಅಕ್ಕ. ಒಂದು ತೊಟ್ಟೂ ಕುಡಿದಿರ್ಲಿಲ್ಲ. ಬೆಳಿಗ್ಗೆ ಒಂಬತ್ತು ಗಂಟೆ, ಹೊಟ್ಟೇಲಿ ಮಜ್ಜಿಗೆ ಗಂಜಿ ಬಿಟ್ರೆ ಏನೂ ಇರ್ಲಿಲ್ಲ. ಹೊಟ್ಟೆಕಿಚ್ಚೂ ಅಲ್ಲ. ನಿಂಗೆ ಚಿತ್ರ ಕಲಿಸಿದ ಯಜಮಾನ ಎಲ್ಸ್‌ಬ್ರೂಕ್ ಮೇಲೆ ನಂಗ್ಯಾಕೆ ಹೊಟ್ಟೆಕಿಚ್ಚು? ನಾನೇನು ಚಿತ್ರ ಬರೀತೀನಾ? ನಾನು ಚಿತ್ರ ಬರೆಯೋ ಹಲಗೆ ಮಾಡೋನು.

ನೀನು ಹಾಗಂತ ಬರೀಲಿಲ್ಲ, ಗೊತ್ತು. ನೀನು ಏನೂ ಬರೀಲಿಲ್ಲ. ತಿಂಗಳಿಗೊಂದ್ಸಲ ನನ್ನ ಅಂಗಿ ಒಗೆದು ಕಳಿಸ್ತೀಯ, ಮಡಿಸಿದ ಬಟ್ಟೆ ಒಳಗೆ ಒಂದು ಕಾಗದ ಇರತ್ತೆ. ಈ ಸಲ ಮೂರು ಅಂಗಿ ಬಂತು, ಬಿದ್ದುಹೋಗಿದ್ದ ಗುಂಡಿ ಹೊಲಿದು ಬಂತು, ಕಾಗದ ಇಲ್ಲ. ಮೂರನ್ನೂ ಕೊಡವಿದೆ. ತೋಳೊಳಗೆ ಕೈ ಹಾಕಿ ನೋಡ್ದೆ. ಆವಾಗ ಗೊತ್ತಾಯ್ತು, ಸುದ್ದಿ ಹಾರ್ಲೆಂ ಮುಟ್ಟಿದೆ, ಫ್ಲೋರಿಸ್ ಕುಡಿದು ಬಾಯಿ ಬಿಟ್ಟ ಅಂತ ಯಾರೋ ನಿನ್ನ ಕಿವಿಗೆ ಊದಿದಾರೆ.

ಆಗಿದ್ದು ಇಷ್ಟೇ, ಕೇಳು. ಬಟ್ಟೆ ವ್ಯಾಪಾರಿ ಸ್ಲೂಸ್ ಅಂತ ಒಬ್ಬ ಇದಾನೆ ಇಲ್ಲಿ. ಅವನು ಚಿತ್ರ ತಗೊಂಡುಹೋಗಿ ಒಲೆ ಮೇಲಿನ ಗೋಡೆಗೇ ನೇತುಹಾಕಿದಾನೆ, ಬುದ್ಧಿ ಇಲ್ಲದೋನು. ಚಳಿಗಾಲ ಪೂರ್ತಿ ಶಾಖ ತಿಂದು ಹಲಗೆ ಸೀಳುಬಿಟ್ಟಿದೆ. ನಮ್ಮ ಅಂಗಡಿಗೆ ತಂದ. ಗೇರ್ಲೋಫ್ ಧಣಿ ನನ್ನ ಕೈಗೆ ಕೊಟ್ರು.

"ಜೋಪಾನ ಕಣಯ್ಯಾ, ಎಲ್ಸ್‌ಬ್ರೂಕ್ ಬರೆದಿದ್ದು ಅದು. ನಿನ್ನ ತಲೆಗಿಂತ ಜಾಸ್ತಿ ಬೆಲೆ ಬಾಳತ್ತೆ" ಅಂದ ಸ್ಲೂಸ್.

ನಾನು ಬೋರಲು ಹಾಕಿ ಸೀಳು ನೋಡ್ತಾ ಇದ್ದೆ. ಮೂಲೇಲಿ ಒಂದು ಗಂಟು, ಕುರಿ ಕಣ್ಣಿನ ಥರ. ಅಕ್ಕ, ಆ ಗಂಟು ನಂಗೊತ್ತು. ನಾನು ಮೊದಲ ಸಲ ಒಬ್ಬನೇ ತೋಪಡಾ ಹೊಡೆದು ನುಣುಪು ಮಾಡಿದ ಹಲಗೆ ಅದು. ನಾಲ್ಕು ವರ್ಷದ ಹಿಂದೆ, ನೀನು ಬಾಣಂತಿ, ಎಲ್ಸ್‌ಬ್ರೂಕ್ ಮನೆಗೆ ಹೋಗಕ್ಕಾಗ್ತಿರ್ಲಿಲ್ಲ, ಹಲಗೇನ ನಾನೇ ದೋಣೀಲಿ ನಿಮ್ಮನೆಗೆ ತಂದ್ಕೊಟ್ಟೆ. ತಿರುಗಿಸಿದೆ. ಮುದುಕಿ ಒಬ್ಬಳು ಮೀನಿನ ಪೊರೆ ಉಜ್ಜುತಾ ಕೂತಿದಾಳೆ. ಎಡಗೈ ಕಿರುಬೆರಳು ಒಳಗೆ ಸೊಟ್ಟ.

ಅಮ್ಮ.

ಮೂರು ವರ್ಷ ಆಯ್ತು ಅಮ್ಮ ಮಣ್ಣಾಗಿ. ನೀನು ಅವಳನ್ನ ಬರೆದಿದೀಯ ಅಂತ ನಂಗೆ ಹೇಳೇ ಇರ್ಲಿಲ್ಲ. ನಾನು ಅಂಗಡೀಲಿ, ಗೊತ್ತಿಲ್ದೋನ ಮುಂದೆ, ಕೈಯಲ್ಲಿ ಅಂಟಿನ ಡಬ್ಬಿ ಹಿಡ್ಕೊಂಡು, ಅಮ್ಮನ್ನ ನೋಡ್ದೆ. ಬಾಯಿ ತಾನೇ ಬಿಟ್ಕೊಳ್ತು. "ಇದು ಎಲ್ಸ್‌ಬ್ರೂಕ್ ಅಲ್ಲ, ನಮ್ಮಕ್ಕ ಹಿಲ್ಲೆಗೊಂಡ ಬರೆದಿದ್ದು, ಹಾರ್ಲೆಂ ರೊಟ್ಟಿಯವನ ಹೆಂಡತಿ. ಇವಳು ನಮ್ಮಮ್ಮ" ಅಂದೆ. ಎರಡು ಸಲ ಅಂದೆ. ಎರಡನೇ ಸಲ ಸ್ವಲ್ಪ ಜೋರಾಗಿ.

ಸ್ಲೂಸ್ ಮುಖ ಸೀಸದ ಬಿಳಿ ಬಳಿದಂಗಾಯ್ತು. "ರೊಟ್ಟಿಯವನ ಹೆಂಡತಿ ಬರೆದಿದ್ದಾ?" ಅಂದ.

ಅವನಿಗೆ ಚಿತ್ರ ಕೆಟ್ಟೋಗಿದ್ದು ಸೀಳಿಂದ ಅಲ್ಲ, ಅದರಿಂದ. ಈಗ ಅವನು ನಿಮ್ಮೂರ ಚಿತ್ರಗಾರರ ಸಂಘಕ್ಕೆ ದೂರು ಕೊಡ್ತಾನಂತೆ, ಯಾರು ಬರೆದಿದ್ದು ಹೇಳಿ ಅಂತ. ಕೊಡ್ಲಿ! ಒಳ್ಳೇದೇ ಆಯ್ತು. ಅವರು ಕರೀತಾರೆ, ನೀನು ಹೋಗಿ "ನಂದು" ಅನ್ನು. ಎರಡಕ್ಷರ ಅಕ್ಕ.

ಏನಾದ್ರೂ ಬರಿ. ಬೈದಾದ್ರೂ ಬರಿ.

ಫ್ಲೋರಿಸ್

*

ಹಾರ್ಲೆಂ, ಫೆಬ್ರವರಿ 14, 1654

ಪ್ರೀತಿಯ ಫ್ಲೋರಿಸ್,

ನಾಲೆ ಹೆಪ್ಪುಗಟ್ಟಿ ದೋಣಿ ನಿಂತಿದೆ. ಇದನ್ನು ಜಾರುಬಂಡಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ನೀಲಿ ಅಂಗಿಯ ಮೊಣಕೈ ಇನ್ನೊಂದು ಸಲ ಹರಿದರೆ ಹೊಲಿಯಲು ಬಟ್ಟೆ ಉಳಿದಿಲ್ಲ. ಮೊಣಕೈ ಊರಿ ಕೆಲಸ ಮಾಡಬೇಡ ಎಂದರೆ ನೀನು ಕೇಳುವುದಿಲ್ಲ.

ನಿನ್ನ ಭಾವನಿಗೆ ಕೆಮ್ಮು. ಆದರೂ ಬೆಳಗಿನ ರೊಟ್ಟಿ ಆಯಿತೆಂದು ಕಹಳೆ ಊದುವುದನ್ನು ಬಿಟ್ಟಿಲ್ಲ. ಅರ್ಧ ಊದುತ್ತಾನೆ, ಅರ್ಧ ಕೆಮ್ಮುತ್ತಾನೆ. ಬೀದಿಯವರು ಎರಡಕ್ಕೂ ಬುಟ್ಟಿ ಹಿಡಿದು ಬರುತ್ತಾರೆ. ವೆಂಡೆಲ್‌ಗೆ ಎಂಟು ತುಂಬಿತು. ತಮ್ಮಂದಿರನ್ನು ಅವಳೇ ನೋಡಿಕೊಳ್ಳುತ್ತಾಳೆ. ನನಗೆ ಇತ್ತೀಚೆಗೆ ಮಧ್ಯಾಹ್ನದ ಹೊತ್ತಿಗೇ ಕಾಲು ಸೋಲುತ್ತದೆ. ಚಳಿಯಿಂದ ಇರಬೇಕು.

ಸಂಘದಿಂದ ಕರೆ ಬಂದಿದೆ. ಮಾರ್ಚ್ ಮೂರಕ್ಕೆ. ನಿನ್ನನ್ನೂ ಕರೆದಿದ್ದಾರೆಂದು ಕೇಳಿದೆ. ನೀನು ಬರಬೇಡ.

ಒಂದು ಹಲಗೆ ಬೇಕು. ಮೂರು ಗೇಣು ಅಗಲ, ಎರಡು ಗೇಣು ಎತ್ತರ, ಗಂಟಿಲ್ಲದ್ದು. ಈಸ್ಟರ್‌ಗೆ ಮುಂಚೆ ಸಿಕ್ಕಿದರೆ ಒಳ್ಳೆಯದು. ನಂತರ ನನಗೆ ಎಷ್ಟು ಬಿಡುವು ಸಿಗುತ್ತದೋ ಹೇಳಲಾರೆ.

ನಿನ್ನ ಅಕ್ಕ,
ಹಿಲ್ಲೆಗೊಂಡ

*

ಆಂಸ್ಟರ್‌ಡ್ಯಾಂ, ಫೆಬ್ರವರಿ 18, 1654

ಹಲಗೆ ಕೊಡಲ್ಲ.

ಇನ್ನೊಂದ್ಸಲ ಬರೀತೀನಿ, ಕೊಡಲ್ಲ. ನನ್ನ ಹಲಗೆ ಮೇಲೆ ನೀನು ಬರೆದು, ಮೂಲೇಲಿ ಆ ಮುದುಕನ ಹೆಸರು ಹಾಕಿ, ಅದು ಇನ್ಯಾವನದೋ ಒಲೆ ಮೇಲೆ ಸೀಳುಬಿಡಕ್ಕೆ ನಾನು ಮರ ಕೊಯ್ಯಬೇಕಾ? ಕೇಳಕ್ಕೆ ಸರಿಯಾದ ಹೊತ್ತು ನೋಡ್ಕೊಂಡೆ ನೀನು.

"ನೀನು ಬರಬೇಡ." ಮೊಣಕೈ ಬಗ್ಗೆ ಎರಡು ಸಾಲು, ಭಾವನ ಕೆಮ್ಮಿನ ಬಗ್ಗೆ ನಾಲ್ಕು, ಅಮ್ಮನ ಬಗ್ಗೆ ಒಂದೂ ಇಲ್ಲ. ನಾಚಿಕೆ ಆಗತ್ತಾ ನಿಂಗೆ? ಮೀನು ಮಾರೋಳ ಮಗಳು ಅಂತ ಸಂಘದೋರ ಮುಂದೆ ಗೊತ್ತಾಗಬಾರ್ದಾ? ನಾನು ಹನ್ನೊಂದಕ್ಕೆ ಶಾಲೆ ಬಿಟ್ಟಿದ್ದು ಯಾಕೆ ಅಂತ ಮರೆತ್ಯಾ? ಮೇಷ್ಟ್ರು ಎಲ್ಲರ ಮುಂದೆ ಮೂಗು ಮುಚ್ಕೊಂಡು "ಫ್ಲೋರಿಸ್ ಬಂದ, ಕಿಟಕಿ ತೆಗೀರಿ" ಅಂದ್ರು. ಸ್ಲೇಟು ಎಸೆದು ಬಂದೆ. ಅಮ್ಮ ನಂಗೆ ಹೊಡೆದ್ಲು, ಆಮೇಲೆ ತೊಟ್ಟಿ ನೀರಲ್ಲಿ ತನ್ನ ಕೈ ಅದ್ದಿ ಅದ್ದಿ ಉಜ್ಜಿದ್ಲು, ಚರ್ಮ ಕೀಳೋ ಹಾಗೆ. ನೀನು ಪಕ್ಕದಲ್ಲೇ ನಿಂತಿದ್ದೆ. ಏನೂ ಅನ್ಲಿಲ್ಲ. ನೀನು ಯಾವಾಗ್ಲೂ ಏನೂ ಅನ್ನಲ್ಲ, ನೋಡ್ತಾ ನಿಂತಿರ್ತೀಯ. ಈಗ ಗೊತ್ತಾಯ್ತು ಏನು ನೋಡ್ತಿದ್ದೆ ಅಂತ. ಆ ಕೈನ ನೋಡ್ತಿದ್ದೆ. ಹಾಗಾದ್ರೆ ನೋಡಿದ್ದೀನಿ ಅಂತ ಹೇಳು!

ಬಿಡುವು ಸಿಗಲ್ಲ ಅಂತ ಬೇರೆ. ಯಾಕೆ, ಎಲ್ಸ್‌ಬ್ರೂಕ್ ಇನ್ನೂ ಜಾಸ್ತಿ ಕೆಲಸ ಹೇರ್ತಾನಾ? ನೀನು ಅವನ ಹತ್ರ ಕಲಿಯಕ್ಕೆ ಹೋದಾಗ ಹದಿನಾಲ್ಕು ವರ್ಷ. ಈಗ ಮೂವತ್ನಾಲ್ಕು. ಇಪ್ಪತ್ತು ವರ್ಷ ಕಲೀತಾನೇ ಇದೀಯ ಅನ್ನು ಮತ್ತೆ.

ಮಾರ್ಚ್ ಮೂರಕ್ಕೆ ಬರ್ತೀನಿ. ನಾಲೆ ಮೇಲೆ ನಡ್ಕೊಂಡಾದ್ರೂ ಬರ್ತೀನಿ.

ಫ್ಲೋ

*

ಹಾರ್ಲೆಂ, ಫೆಬ್ರವರಿ 25, 1654

ಪ್ರೀತಿಯ ಫ್ಲೋರಿಸ್,

ನಿನ್ನೆ ಎಲ್ಸ್‌ಬ್ರೂಕ್ ಯಜಮಾನರು ನಮ್ಮ ಮನೆಗೆ ಬಂದಿದ್ದರು. ಇಪ್ಪತ್ತು ವರ್ಷದಲ್ಲಿ ಇದು ಎರಡನೆಯ ಸಲ. ಹೆಂಡತಿಯ ತೋಳು ಹಿಡಿದುಕೊಂಡೇ ಬಂದರು. ಯಜಮಾನರು ಕುರ್ಚಿಯ ಬೆನ್ನನ್ನು ಒಂದೆರಡು ಸಲ ಸವರಿ ಕುಳಿತರು. ರೊಟ್ಟಿ ಇಟ್ಟೆ. ಬೆಣ್ಣೆಯಲ್ಲಿ ಹೆಬ್ಬೆರಳು ಅದ್ದಿ, ಅದನ್ನು ಚೀಪಿ, "ನಿಮ್ಮ ಮನೆ ಬೆಣ್ಣೆ ಚೆನ್ನಾಗಿದೆ ಹಿಲ್ಲೆ" ಎಂದರು. ವಯಸ್ಸಾಗಿದೆ.

"ನಿನ್ನ ತಮ್ಮ ಬಲು ಗಟ್ಟಿ ಗಂಟಲಿನೋನು" ಎಂದರು.

"ಹೌದು ಯಜಮಾನ್ರೇ."

"ನಿಮ್ಮಮ್ಮನ ಗಂಟಲು ಕಣಮ್ಮ ಅದು. ಸಂತೇಲಿ ಒಂದು ಮೀನಿನ ಬೆಲೆ ಕೂಗಿದ್ರೆ ನಮ್ಮನೆ ಅಟ್ಟಕ್ಕೆ ಕೇಳಿಸ್ತಿತ್ತು." ನಕ್ಕರು. ಆಮೇಲೆ ನಗಲಿಲ್ಲ. "ಸಂಘದೋರು ಕೇಳಿದ್ರೆ ಏನಂತೀಯ?"

ನಾನು ಇನ್ನೊಂದು ತುಂಡು ರೊಟ್ಟಿ ಕೊಯ್ದು ಅವರ ಕೈಗಿಟ್ಟೆ. ನಿನ್ನ ಭಾವ ಹಿಟ್ಟಿನ ಕೈಯಲ್ಲೇ ಬಾಗಿಲ ಬಳಿ ನಿಂತಿದ್ದ. "ಅವಳಿಗೆ ಏನು ತೋಚತ್ತೋ ಅದನ್ನ ಹೇಳ್ತಾಳೆ ಸ್ವಾಮಿ. ನನ್ನ ಕೇಳಿದ್ರೆ ನಾನು ರೊಟ್ಟಿ ಬಗ್ಗೆ ಹೇಳ್ತೀನಿ" ಎಂದ.

ನಿನ್ನ ಭಾವನನ್ನು ನೀನು ಯಾವಾಗಲೂ ಮಂದ ಎನ್ನುತ್ತೀಯ. ಆ ಮಾತನ್ನು ಇನ್ನು ಮೇಲೆ ಅನ್ನಬೇಡ.

ಅಮ್ಮನ ವಿಷಯಕ್ಕೆ ನನಗೆ ನಾಚಿಕೆ ಇಲ್ಲ. ನನಗೆ ಯಾವುದಕ್ಕೂ ಅಷ್ಟು ಶಕ್ತಿ ಉಳಿದಿಲ್ಲ ಫ್ಲೋರಿಸ್, ನಾಚಿಕೆಗೂ. ಬೆಳಿಗ್ಗೆ ಎರಡು ಗಂಟೆ ಒಳ್ಳೆಯ ಬೆಳಕು ಸಿಕ್ಕರೆ ಸಾಕು ಎನ್ನಿಸುತ್ತದೆ.

ಬರಬೇಡ ಎಂದು ಇನ್ನೊಮ್ಮೆ ಬರೆಯುವುದಿಲ್ಲ. ಬರುವುದಾದರೆ ಅಂಚಿನ ಕಡೆ ನಡೆಯಬೇಡ. ಮಂಜುಗಡ್ಡೆ ಅಲ್ಲಿ ತೆಳುವಾಗಿದೆ.

ಹಿಲ್ಲೆ

*

ಆಂಸ್ಟರ್‌ಡ್ಯಾಂ, ಮಾರ್ಚ್ 6, 1654

ಎಲ್ಲರೂ ನಕ್ಕರಲ್ಲ, ನೀನೂ ಒಳಗೊಳಗೇ ನಕ್ಕಿರಬೇಕು.

ಮೂರು ದಿನ ಆಯ್ತು, ಇನ್ನೂ ಕಿವೀಲಿ ಅದೇ ಇದೆ. ನೀನು ಆ ಕಡೆ ಬೆಂಚಲ್ಲಿ ಕೂತಿದ್ದೆ, ದೊಡ್ಡ ಕರೀ ಮೇಲಂಗಿ ಹೊದ್ಕೊಂಡು, ಒಳಗೆ ಸೆಕೆ ಆಗ್ತಿದ್ರೂ ತೆಗೀಲೇ ಇಲ್ಲ. ಒಂದ್ಸಲನೂ ನನ್ನ ಕಡೆ ತಿರುಗ್ಲಿಲ್ಲ. ನಿಂಗೆ ಅಲ್ಲಿಂದ ಹೇಗೆ ಕಾಣ್ತೋ ಏನೋ, ನಂಗೆ ಕಂಡಿದ್ದು ಬರೀತೀನಿ.

ಆ ಬಿಳೀ ಗಡ್ಡದ ಹಿರಿಯ, ಸಂಘದ ಮುಖ್ಯಸ್ಥ, ಎಷ್ಟು ಮೆತ್ತಗೆ ಕೇಳಿದ. "ಹಲಗೆ ನಿಂದು ಅಂತೀಯಾ ಮಗೂ?"

"ನಂದೇ. ನಾನೇ ಮಾಡಿದ್ದು, ನಾನೇ ಅಕ್ಕನ ಮನೆಗೆ ತಂದ್ಕೊಟ್ಟಿದ್ದು. ಅಂದ್ಮೇಲೆ ಅದರ ಮೇಲಿರೋ ಚಿತ್ರ ಅಕ್ಕಂದೇ. ಆ ಸೊಟ್ಟ ಕಿರುಬೆರಳು ನಮ್ಮಮ್ಮಂದು."

"ಹಿಂದುಗಡೆ ತಿರುಗಿಸ್ರಪ್ಪಾ." ತಿರುಗಿಸಿದ್ರು. "ಇಲ್ಲಿ ಕಾಯಿಸಿ ಒತ್ತಿದಾರಲ್ಲ, ಯಾರ ಮುದ್ರೆ ಇದು?"

"ಗೇರ್ಲೋಫ್ ಧಣೀದು."

"ಮತ್ತೆ ನಿಂದು ಅಂದೆ?"

"ಧಣಿ ಅದನ್ನ ಮುಟ್ಟೇ ಇಲ್ಲ ಸ್ವಾಮಿ! ಆ ವಾರ ಜ್ವರ ಬಂದು ಮಲಗಿದ್ರು. ಕೊಯ್ದಿದ್ದು ನಾನು, ತೋಪಡಾ ಹೊಡೆದಿದ್ದು ನಾನು, ಅಂಚು ಕೆತ್ತಿ ತೆಳುವಾಗಿ ಇಳಿಸಿದ್ದು ನಾನು. ಮುದ್ರೆ ಒತ್ತಿದ್ದೂ ನಾನೇ!"

"ನೀನೇ ಮಾಡಿ, ನೀನೇ ಧಣಿ ಮುದ್ರೆ ಒತ್ತಿದೆ."

"ಹೌದು. ಎಲ್ಲಾ ಅಂಗಡೀಲೂ ಹಂಗೇ ಅಲ್ವಾ."

"ಅದಕ್ಕೆ ನಿಂಗೆ ಬೇಜಾರಿಲ್ವಾ?"

"ಯಾಕೆ ಬೇಜಾರು?" ಅಂದೆ.

ಅಂದ್ಬಿಟ್ಟೆ ಅಕ್ಕ. ಬಾಯಿಂದ ಬಿದ್ದ ಮೇಲೆ ಗೊತ್ತಾಯ್ತು. ಹಿಂದಿನ ಬೆಂಚಿಂದ ಶುರುವಾಗಿ ಪೂರ್ತಿ ಕೋಣೆ ನಕ್ತು. ಸ್ಲೂಸ್ ತೊಡೆ ತಟ್ಟಿಕೊಂಡು ನಕ್ಕ. ಮುದ್ರೆ ಇರೋದು ಗೊತ್ತಿರ್ಲಿಲ್ಲ ಅಂತಲ್ಲ. ದಿನಾ ನೋಡ್ತೀನಿ. ದಿನಾ ನೋಡಿ ನೋಡಿ ಅದು ಮರದ ಬಣ್ಣದ ಥರ ಆಗೋಗಿದೆ, ಲೆಕ್ಕಕ್ಕೇ ಬಂದಿರ್ಲಿಲ್ಲ.

ಆದ್ರೂ ನಂಗೆ ಭಯ ಇರ್ಲಿಲ್ಲ. ನಾನು ಪೆದ್ದ ಆದ್ರೆ ಆಗ್ಲಿ, ಅಕ್ಕ ಇದಾಳಲ್ಲ, ಅವಳು ಎದ್ದು ಹೇಳ್ತಾಳೆ ಅಂದ್ಕೊಂಡೆ.

ಎಲ್ಸ್‌ಬ್ರೂಕ್‌ನ ಹೆಂಡತಿ ಅವನನ್ನ ಮೇಜಿನ ಹತ್ರ ಕರ್ಕೊಂಡು ಬಂದ್ಲು. ಅವನು ಚಿತ್ರದ ಮೇಲೆ ಕೈ ಆಡಿಸ್ದ, ಅಂಚಿಂದ ಅಂಚಿಗೆ, ತನ್ನ ಕೊಟ್ಟಿಗೆ ಹಸು ಮೈ ಸವರೋ ಥರ. ಅಮ್ಮನ ಮುಖದ ಮೇಲೂ ಆಡಿಸ್ದ. "ನಮ್ಮನೇದೇ" ಅಂದ. ನಂಗೆ ಎದ್ದು ಹೋಗಿ ಆ ಕೈ ಹಿಡಿದು ತಿರುಚಬೇಕು ಅನ್ನಿಸ್ತು.

ಆಮೇಲೆ ನಿನ್ನ ಕರೆದ್ರು. "ಹಿಲ್ಲೆಗೊಂಡ, ಡಿರ್ಕ್‌ನ ಮಗಳು, ಈ ಚಿತ್ರ ನಿನ್ನ ಕೈಯಿಂದ ಆಗಿದ್ದಾ?"

ನೀನು ಎರಡು ಬೆರಳು ಎತ್ತಿ ಆಣೆ ಮಾಡ್ದೆ. ಎತ್ತಿದ ಬೆರಳಿನ ಉಗುರಲ್ಲಿ ಬಿಳಿ ಬಣ್ಣ ಮೆತ್ಕೊಂಡಿತ್ತು. ನಾನು ಹತ್ತು ಹೆಜ್ಜೆ ದೂರದಿಂದ ನೋಡ್ದೆ, ಅವರು ಎರಡು ಹೆಜ್ಜೇಲಿದ್ರು, ಯಾರೂ ನೋಡ್ಲಿಲ್ಲ.

"ಅಲ್ಲ" ಅಂದೆ. "ಅದು ಎಲ್ಸ್‌ಬ್ರೂಕ್ ಯಜಮಾನರ ಚಿತ್ರ."

ಅಷ್ಟೇ. ಸ್ಲೂಸ್ ಖುಷಿಯಾಗಿ ಚಿತ್ರ ಕಂಕುಳಲ್ಲಿ ಇಟ್ಕೊಂಡು ಹೋದ. ಅಮ್ಮನ ತಲೆ ಕೆಳಗಾಗಿತ್ತು.

ಗೇರ್ಲೋಫ್ ಧಣಿ ಸುದ್ದಿ ಕೇಳಿದಾರೆ. "ಊರ ಮುಂದೆಲ್ಲ ನನ್ನ ಹಲಗೇನ ನಿಂದು ಅಂದ್ಯಂತಲ್ಲೋ" ಅಂದ್ರು. ಬೈಲಿಲ್ಲ. ಅದಾದ್ಮೇಲೆ ನನ್ನ ಕೈಗೆ ಒಳ್ಳೇ ಮರ ಕೊಡ್ತಾ ಇಲ್ಲ, ಪೆಟ್ಟಿಗೆ ಮುಚ್ಚಳದ ಕೆಲಸ ಕೊಡ್ತಾರೆ.

ನಿನ್ನ ಹೆದರಿಕೆ ನಂಗೆ ಅಸಹ್ಯ. ಅಂಗಿ ಕಳಿಸ್ಬೇಡ ಇನ್ನು. ನಾನೇ ಒಗ್ಕೋತೀನಿ.

*

ಹಾರ್ಲೆಂ, ಮಾರ್ಚ್ 22, 1654

ಫ್ಲೋರಿಸ್,

ಮೂರು ಸಲ ಬರೆದು ಒಲೆಗೆ ಹಾಕಿದೆ. ಇದನ್ನು ಹಾಕುವುದಿಲ್ಲ. ಓದಿದ ಮೇಲೆ ನೀನು ಹಾಕು. ಹಾಕಲೇಬೇಕು.

ಯಜಮಾನರಿಗೆ ಕಣ್ಣಿಲ್ಲ. ನಾಲ್ಕು ವರ್ಷವಾಯಿತು. ಮೊದಲು ನೋಟದ ಅಂಚುಗಳು ಹೋದವು, ಆಮೇಲೆ ನಡುವಿನದೂ ಹೋಯಿತು. ಈಗ ಕಿಟಕಿ ಯಾವ ಕಡೆ ಇದೆ ಎಂದು ಮಾತ್ರ ತಿಳಿಯುತ್ತದೆ. ಇದು ಗೊತ್ತಿರುವುದು ಅವರ ಹೆಂಡತಿಗೆ, ನನಗೆ, ನಿನ್ನ ಭಾವನಿಗೆ; ಈಗ ನಿನಗೆ. ಅವರು ಚಿತ್ರವನ್ನು ಸವರಿದ್ದು ಹಸುವನ್ನು ಸವರುವಂತೆ ಅಲ್ಲ. ಅವರು ಅದನ್ನು ಒಮ್ಮೆಯೂ ನೋಡಿಲ್ಲ. ಅಲ್ಲಿ ಏನಿದೆ ಎಂದು ಹುಡುಕುತ್ತಿದ್ದರು. ಹಿಂದಿರುಗುವಾಗ ದಾರಿಯಲ್ಲಿ ನನ್ನನ್ನು ಕೇಳಿದರು: "ಬೆರಳು ಸೊಟ್ಟ ಅಂದ ನಿನ್ನ ತಮ್ಮ. ಎಷ್ಟು ಸೊಟ್ಟ ಬರ್ದಿದೀಯ, ತೋರ್ಸು." ನನ್ನ ಕಿರುಬೆರಳನ್ನು ಮಡಿಸಿ ಅವರ ಕೈಗೆ ಕೊಟ್ಟೆ. ಬೀದಿಯ ನಡುವೆ ಹಿಡಿದುಕೊಂಡು ನಿಂತರು.

ನಾಲ್ಕು ವರ್ಷದಿಂದ ಆ ಮನೆಯಿಂದ ಹೊರಟ ಪ್ರತಿಯೊಂದು ಚಿತ್ರವೂ ನನ್ನದು. ಒಂದಲ್ಲ. ಮೂವತ್ತಕ್ಕೂ ಹೆಚ್ಚು. ಲೈಡನ್‌ನಲ್ಲಿ ಇವೆ, ಡೆಲ್ಫ್ಟ್‌ನಲ್ಲಿ ಇವೆ, ಒಂದು ಹಡಗು ಹತ್ತಿ ಹೋಯಿತಂತೆ. ಮೂಲೆಯ ಹೆಸರನ್ನೂ ನಾನೇ ಬರೆಯುತ್ತೇನೆ. ಅವರ ಎಲ್ ಅಕ್ಷರಕ್ಕೆ ಒಂದು ಬಾಲವಿದೆ. ಅವರಿಗಿಂತ ನನಗೇ ಅದು ಚೆನ್ನಾಗಿ ಬರುತ್ತದೆ.

ನೀನು ಎರಡಕ್ಷರ ಎಂದೆ. ಆ ಎರಡಕ್ಷರ ಹೇಳಿದ್ದರೆ ಏನಾಗುತ್ತಿತ್ತು ಎಂದು ಹೇಳುತ್ತೇನೆ, ಏಕೆಂದರೆ ನಾನು ಮೊದಲೇ ವಿಚಾರಿಸಿದ್ದೆ. ನಾನು ಸಂಘದಲ್ಲಿ ಸೇರಿದವಳಲ್ಲ. ಯಜಮಾನರ ಕೈಕೆಳಗೆ, ಅವರ ಹೆಸರಿನಲ್ಲಿ ಬರೆದರೆ ತಪ್ಪಿಲ್ಲ. ನನ್ನದೆಂದು ಹೇಳಿಕೊಂಡರೆ, ಸೇರದೆಯೇ ಬರೆದು ಮಾರಿದವಳು ಎಂದಾಗುತ್ತದೆ. ಎರಡು ವರ್ಷ ಕುಂಚ ಮುಟ್ಟುವಂತಿಲ್ಲ. ಆಮೇಲೆ ಅರ್ಜಿ ಹಾಕಬಹುದು. ಆಮೇಲೆ ಅವರು ಯೋಚಿಸಬಹುದು. ಅಷ್ಟರಲ್ಲಿ ಯಜಮಾನರ ಮನೆ ಮುಚ್ಚಿರುತ್ತದೆ. ಕಣ್ಣಿಲ್ಲದವರು ಎಂದು ಗೊತ್ತಾದ ಮೇಲೆ ಅವರ ಬಳಿ ಯಾರು ಬರುತ್ತಾರೆ? ನಮ್ಮ ಮನೆಯಲ್ಲಿ ಉತ್ತರದ ಕಿಟಕಿ ಒಂದೇ, ಅದು ಹಿಟ್ಟಿನ ಕೋಣೆಯಲ್ಲಿದೆ. ಅಲ್ಲಿ ಬರೆದರೆ ಬಣ್ಣದಲ್ಲಿ ಹಿಟ್ಟು, ರೊಟ್ಟಿಯಲ್ಲಿ ಬಣ್ಣದ ಸೀಸ. ಕೆಲವು ತಿಂಗಳು ಮೆಟ್ಟಿಲ ಮೂಲೆಯಲ್ಲಿ ಚಿತ್ರ ಒಣಗಿಸಬಹುದು, ಅಷ್ಟೇ.

ಎರಡು ವರ್ಷ ನಾನು ಕಾಯಲಾರೆ. ಏಕೆಂದು ಕೇಳಬೇಡ.

ಹೆಸರಿಲ್ಲದೆ ಬರೆಯಬೇಕೋ, ಹೆಸರಿಟ್ಟುಕೊಂಡು ಸುಮ್ಮನೆ ಕೂರಬೇಕೋ ಎಂದು ಕೇಳಿದರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅದೇ ಪ್ರಶ್ನೆ. ನಾನು ಉತ್ತರ ಕೊಟ್ಟೆ. ಹೆದರಿ ಕೊಡಲಿಲ್ಲ.

ಆಣೆ ಸುಳ್ಳು. ಅದು ನನ್ನ ಮತ್ತು ದೇವರ ನಡುವೆ ಇರಲಿ. ಚಿತ್ರದ ಮೇಲೆ ನನ್ನ ಹೆಸರು ಇರುವುದಿಲ್ಲ ಎಂದು ಅಮ್ಮನಿಗೂ ಗೊತ್ತಿತ್ತು. ಅವಳನ್ನು ಕೂರಿಸಿಕೊಂಡು ಬರೆಯುವಾಗ, "ಯಾರ ಹೆಸರು ಹಾಕ್ತೀಯೇ ಇದಕ್ಕೆ?" ಎಂದು ಕೇಳಿದಳು. ಹೇಳಿದೆ. "ಹಾಗಾದ್ರೆ ಮೂಗು ಸ್ವಲ್ಪ ಚಿಕ್ಕದು ಮಾಡು, ದೊಡ್ಡವರ ಮನೇಲಿ ಇರಬೇಕಲ್ಲ" ಎಂದಳು. ಚಿಕ್ಕದು ಮಾಡಲಿಲ್ಲ.

ನಿನ್ನ ಹಲಗೆಯ ವಿಷಯಕ್ಕೆ ನಾನು ನಗಲಿಲ್ಲ. ನೀನು "ಯಾಕೆ ಬೇಜಾರು" ಎಂದಾಗ ಇಡೀ ಕೋಣೆಯಲ್ಲಿ ನನ್ನನ್ನು ಅರ್ಥ ಮಾಡಿಕೊಳ್ಳಬಲ್ಲವನು ನೀನೊಬ್ಬನೇ ಎನ್ನಿಸಿತು. ತಪ್ಪಾಗಿ ತಿಳಿದೆನೇನೋ.

ಅಂಗಿ ಕಳಿಸು. ನಿನಗೆ ಕಾಲರು ಒಗೆಯಲು ಬರುವುದಿಲ್ಲ.

ಹಿಲ್ಲೆ

*

ಆಂಸ್ಟರ್‌ಡ್ಯಾಂ, ಏಪ್ರಿಲ್ 19, 1654

ಒಲೆಗೆ ಹಾಕಿದೆ.

ಒಂದು ತಿಂಗಳು ಬರೀಲಿಲ್ಲ, ಏನು ಬರೀಬೇಕು ಗೊತ್ತಾಗ್ಲಿಲ್ಲ. ಈಗ್ಲೂ ಗೊತ್ತಿಲ್ಲ. ಮೊದಲು ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಗೊತ್ತಿತ್ತು. ಆ ಮುದುಕ ಕಳ್ಳ, ನೀನು ಪುಕ್ಕಲಿ, ಮುಗೀತು. ಈಗ ಅವನು ಕುರುಡ. ಕುರುಡನ ಮೇಲೆ ಸಿಟ್ಟು ಮಾಡ್ಕೊಂಡ್ರೆ ನಿಲ್ಲಲ್ಲ, ಜಾರ್ತಾ ಇರತ್ತೆ. ಬೆಳಿಗ್ಗೆ ಎದ್ರೆ ಸುಸ್ತು.

ನಾನು ನಿನ್ನ ಅರ್ಥ ಮಾಡ್ಕೊಂಡಿಲ್ಲ, ಹಂಗಂದ್ಕೋಬೇಡ. ಹಲಗೆ ಹಲಗೇನೇ. ಅದರಲ್ಲಿ ನಮ್ಮಮ್ಮ ಇರಲ್ಲ.

ಆದ್ರೂ ಒಂದು ಮಾಡ್ದೆ. ಹೋದ ವಾರ ಧಣೀನ ಕೇಳ್ದೆ. "ನಾನೇ ಪೂರ್ತಿ ಮಾಡಿದ ಹಲಗೆಗೆ ನಿಮ್ಮ ಮುದ್ರೆ ಪಕ್ಕ ನನ್ನ ಹೆಸರಿನ ಒಂದಕ್ಷರ ಹಾಕ್ಲಾ?"

"ಯಾಕೆ?"

"ನಾನು ಮಾಡಿದ್ದು ಅಂತ."

ಧಣಿ ಕೈಲಿದ್ದ ಕೆಲಸ ಕೆಳಗಿಟ್ರು. ಒಳ್ಳೇ ಮನುಷ್ಯನೇ ಅವರು. "ಫ್ಲೋರಿಸಾ, ನಾನೂ ಹನ್ನೆರಡು ವರ್ಷ ಇನ್ನೊಬ್ಬನ ಮುದ್ರೆ ಒತ್ತಿದೀನಿ ಕಣೋ. ಯಾರೂ ಸಾಯಲ್ಲ ಅದರಿಂದ" ಅಂದ್ರು.

"ಬದುಕೋದೂ ಇಲ್ಲ" ಅಂದೆ.

ಮಧ್ಯಾಹ್ನದೊಳಗೆ ಉಳಿ, ತೋಪಡಾ ಕಟ್ಕೊಂಡು ಹೊರಗೆ ಬಂದಿದ್ದೆ. ಈಗ ಬಂದರಿನ ಹತ್ರ ಪೀಪಾಯಿ ರಿಪೇರಿ ಮಾಡ್ತಾ ಇದೀನಿ. ಅಂಗಿ ಕಳಿಸಲ್ಲ. ಗಲೀಜಾಗಿದೆ, ನಿಂಗೆ ಕಷ್ಟ.

ಫ್ಲೋ

*

ಹಾರ್ಲೆಂ, ಮೇ 3, 1654

ಪ್ರೀತಿಯ ಫ್ಲೋರಿಸ್,

ಪೀಪಾಯಿಯ ಕೆಲಸದಲ್ಲಿ ಬೆನ್ನು ಬಾಗುತ್ತದೆ. ಗೇರ್ಲೋಫ್ ಧಣಿಗೆ ನಾನೇ ಬರೆದೆ. ನೀನು ಹಿಂದಿರುಗಿದರೆ ಸೇರಿಸಿಕೊಳ್ಳುತ್ತಾರಂತೆ, ಏನೂ ಕೇಳುವುದಿಲ್ಲವಂತೆ.

ಹಲಗೆ ಬೇರೆ ಕಡೆಯಿಂದ ತರಿಸಿದೆ. ಅಂಚು ಚೆನ್ನಾಗಿ ಇಳಿಸಿಲ್ಲ. ದಿನವೂ ಬೆಳಕಿರುವ ತನಕ ಬರೆಯುತ್ತಿದ್ದೇನೆ. ಬೇಗ ಮುಗಿಸಬೇಕು. ತುಂಬಾ ಆಯಾಸ. ನೀನು ಅಂಗಿ ಕಳಿಸು, ವೆಂಡೆಲ್ ಒಗೆಯುತ್ತಾಳೆ.

ಹಿಲ್ಲೆ

*

ಹಾರ್ಲೆಂ, ನಿಮ್ಮನೆ ಮೇಜಿನ ಮೇಲೆ, ಜೂನ್ 2, 1654

ಅಕ್ಕ,

ಮಾತಾಡಕ್ಕೆ ಅಂತಾನೇ ಬಂದೆ. ದೋಣೀಲಿ ಬರ್ತಾ ಎಲ್ಲಾ ಜೋಡಿಸ್ಕೊಂಡಿದ್ದೆ, ಏನೇನು ಕೂಗಬೇಕು ಅಂತ. ನೀನಿಲ್ಲ. ಭಾವ ಒಬ್ಬನೇ ಇದ್ದ, ತೋಳಿನ ತನಕ ಹಿಟ್ಟು.

"ಎಲ್ಲಿ ಅವಳು?"

"ಯಜಮಾನ್ರ ಮನೆಗೆ. ಬೆಳಕು ಹೋಗೋ ತನಕ ಬರಲ್ಲ."

"ಭಾನುವಾರ ಒಂದು ಬಿಟ್ರೆ ದಿನಾನಾ?"

"ಇನ್ನು ಮೂರು ವಾರ ಇದೆಯಲ್ಲಪ್ಪಾ. ಅಷ್ಟರೊಳಗೆ ಆದಷ್ಟು ಮುಗಿಸ್ಕೋತೀನಿ ಅಂತಾಳೆ. ಬೇಡ ಅಂದ್ರೆ ಕೇಳಲ್ಲ."

"ಏನಕ್ಕೆ ಮೂರು ವಾರ?"

ಭಾವ ಕೈ ಒರೆಸ್ಕೊಂಡ. "ನಿಂಗೆ ಬರೀಲಿಲ್ವಾ?"

ಇಲ್ಲ. ಬರೀಲಿಲ್ಲ. ಮೊಣಕೈ ಬಗ್ಗೆ ಬರೆದೆ, ಕಾಲರಿನ ಬಗ್ಗೆ ಬರೆದೆ. ಸಂಘದ ಕೋಣೇಲಿ ಸೆಕೇಲಿ ಮೇಲಂಗಿ ಹೊದ್ಕೊಂಡು ಕೂತಿದ್ದು ಬಸುರಿ ಹೊಟ್ಟೆ ಕಾಣಬಾರ್ದು ಅಂತಾನಾ? ಹೋದ ಸಲ ಹೆರಿಗೇಲಿ ನೀನು ಹನ್ನೊಂದು ದಿನ ಕಣ್ಣು ಬಿಡ್ಲಿಲ್ಲ, ಭಾವ ಈಗ ಹೇಳ್ದ, ಅದನ್ನೂ ನಂಗೆ ಯಾರೂ ಹೇಳಿರ್ಲಿಲ್ಲ. ಈ ಸಲ ಬೇಡ ಅಂತ ಸೂಲಗಿತ್ತಿ ಹೇಳಿದ್ಲಂತೆ. ಎರಡು ವರ್ಷ ಕಾಯಲಾರೆ, ಏಕೆಂದು ಕೇಳಬೇಡ ಅಂದೆ. ನಾನು ಕೇಳ್ಲಿಲ್ಲ. ಏನೋ ಅವಸರ, ಹೆಂಗಸರ ಅವಸರ ಅಂದ್ಕೊಂಡೆ. ಪುಕ್ಕಲಿ ಅಂದೆ. ಅಸಹ್ಯ ಅಂದೆ.

"ಹೋಗಿ ನೋಡು, ಮೆಟ್ಟಿಲ ಮೂಲೇಲಿ ಒಂದು ಒಣಗಕ್ಕೆ ಇಟ್ಟಿದಾಳೆ. ಯಜಮಾನ್ರ ಮನೇಲಿ ಜಾಗ ಇರ್ಲಿಲ್ವಂತೆ" ಅಂದ ಭಾವ. "ಬಾಗಿಲು ಮಾತ್ರ ಮೆತ್ತಗೆ ಹಾಕೋ ಮಾರಾಯ. ಗಾಳಿ ಎದ್ರೆ ತೊಲೆ ಮೇಲಿನ ಹಿಟ್ಟೆಲ್ಲ ಹಸೀ ಬಣ್ಣದ ಮೇಲೆ ಕೂರತ್ತೆ, ಆಮೇಲೆ ನಂಗೆ ಮೂರು ದಿನ ಊಟ ಇಲ್ಲ."

ನೋಡ್ದೆ. ಭಾವನ ಬೆನ್ನು, ಒಲೆ ಕಡೆ ಬಗ್ಗಿದಾನೆ, ಅಂಗಿ ಬೆವರಿಗೆ ಅಂಟಿದೆ. ಅಷ್ಟೇ ಚಿತ್ರ. ಮುಖಾನೂ ಇಲ್ಲ. ನಂಗೆ ಚಿತ್ರ ಗಿತ್ರ ಗೊತ್ತಾಗಲ್ಲ ಅಕ್ಕ, ಆದ್ರೆ ನಾನು ಅಲ್ಲಿ ನಿಂತೋನು ಕಾಲು ಜೋಮು ಹಿಡಿಯೋ ತನಕ ನಿಂತೇ ಇದ್ದೆ. ಆ ಬೆನ್ನಿಗೆ ಬೆಳಿಗ್ಗೆ ಮೂರು ಗಂಟೆಯಿಂದ ನಿಂತು ಸಾಕಾಗಿದೆ. ಬರೆದೋಳಿಗೂ ಸಾಕಾಗಿದೆ. ಎರಡೂ ಕಾಣತ್ತೆ. ಹಲಗೆ ಅಂಚು ನಿಜವಾಗ್ಲೂ ದರಿದ್ರವಾಗಿದೆ. ನಾನು ಕೊಟ್ಟಿದ್ರೆ ಹೀಗಾಗ್ತಿರ್ಲಿಲ್ಲ. ನಾನು ಕೊಡ್ಲಿಲ್ಲ.

ಕೆಳಗೆ ಬಲಗಡೆ ಮೂಲೇಲಿ ಆಗ್ಲೇ ಹೆಸರು ಇದೆ. ಎಲ್ಸ್‌ಬ್ರೂಕ್. ಎಲ್‌ಗೆ ಬಾಲ.

ಸಣ್ಣ ಉಳಿ ಸೊಂಟದಲ್ಲೇ ಇತ್ತು. ತೆಗೆದೆ. ಬಣ್ಣ ಇನ್ನೂ ಹಸಿ, ಒಂದೇ ಏಟಿಗೆ ಬರ್ತಿತ್ತು, ಮರಕ್ಕೆ ಗೀರೂ ಬೀಳ್ತಿರ್ಲಿಲ್ಲ. ಉಳಿ ತುದಿ ಅದರ ಹತ್ರ ತಗೊಂಡು ಹೋಗಿದ್ದೂ ಆಯ್ತು. ಆಮೇಲೆ ಹತ್ತಿರದಿಂದ ನೋಡ್ದೆ, ಆ ಬಾಲ ಎಷ್ಟು ಜೋಪಾನವಾಗಿ ಎಳೆದಿದೀಯ ಅಂತ. ಅದನ್ನ ಬರೆದಿದ್ದೂ ನೀನೇ ಅಲ್ವಾ. ಕೆರೆದ್ರೆ ನಿನ್ನ ಕೈನೇ ಕೆರೆದಂಗೆ. ಉಳಿ ಒಳಗಿಟ್ಟೆ.

ನೀನು ಸರಿ ಅಂತ ಹೇಳಲ್ಲ. ಸಾಯೋ ತನಕ ಹೇಳಲ್ಲ. ಅರ್ಥ ಆಯ್ತು, ಅರ್ಥ ಆಗಿ ಇನ್ನೂ ಜಾಸ್ತಿ ಸಿಟ್ಟು ಬಂದಿದೆ, ಯಾರ ಮೇಲೆ ಅಂತ ಗೊತ್ತಿಲ್ದೆ ಬಂದಿದೆ. ನಿನ್ನ ಮೂವತ್ತು ಚಿತ್ರ ಎಲ್ಲೆಲ್ಲೋ ಗೋಡೆ ಮೇಲೆ ಇರತ್ತೆ, ಯಾರೋ ನೋಡಿ ಆಹಾ ಎಲ್ಸ್‌ಬ್ರೂಕ್ ಅಂತಾನೆ, ನಾನು ಆ ಬೀದೀಲೇ ನಡ್ಕೊಂಡು ಹೋಗ್ತಿರ್ತೀನಿ, ಬಾಯಿ ಮುಚ್ಕೊಂಡು. ನಂಗೆ ಆಗಲ್ಲ. ಈ ಊರಲ್ಲೂ ಆಗಲ್ಲ, ಆ ಊರಲ್ಲೂ ಆಗಲ್ಲ. ಅದಕ್ಕೆ ಹಡಗಿನ ಬಡಗಿ ಕೆಲಸಕ್ಕೆ ಹೆಸರು ಕೊಟ್ಟಿದೀನಿ. ಹಡಗು ಗುರುವಾರ ಟೆಕ್ಸೆಲ್ ಬಂದರಿಂದ ಹೊರಡತ್ತೆ. ವಾಪಸು ಬರಕ್ಕೆ ಮೂರು ವರ್ಷ. ಹೇಳಿ ಹೋಗಣ ಅಂತ ಬಂದಿದ್ದು. ಯಜಮಾನನ ಮನೆ ತನಕ ಬಂದು ಹೇಳಬಹುದು, ಎರಡು ಬೀದಿ ಅಷ್ಟೇ. ಬರಲ್ಲ. ಬಂದ್ರೆ ಕೂಗಾಡ್ತೀನಿ, ಇಲ್ಲಾ ಅಳ್ತೀನಿ, ನಿನ್ನ ಬೆಳಕು ಹಾಳಾಗತ್ತೆ.

ಮಗು ಹುಟ್ಟಿದ್ ಮೇಲೆ ಬದುಕಿರು. ಇಷ್ಟೇ ಕೇಳ್ತಿರೋದು. ಮೂರು ವರ್ಷ ಆದ್ಮೇಲೆ ನಾನು ಬಂದಾಗ ಇರು, ಇದ್ದು ಬೈಸ್ಕೋ.

ವೆಂಡೆಲ್ ಹತ್ರ ಹಳೇ ಹಾಸಿಗೆ ಬಟ್ಟೆ ಇಸ್ಕೊಂಡೆ. ಎರಡು ಕೋಲು ಕೊಟ್ಟು ಮುಂದಕ್ಕೆ ಚಾಚಿ ಹೊದಿಸಿದೀನಿ, ಬಟ್ಟೆ ಎಲ್ಲೂ ಬಣ್ಣಕ್ಕೆ ತಾಗಲ್ಲ, ಮೂರು ಸಲ ನೋಡಿದೀನಿ. ಮೇಲಿಂದ ಏನೇ ಉದುರಿದ್ರೂ ಚಿತ್ರಕ್ಕೆ ಏನಾಗಲ್ಲ. ವೆಂಡೆಲ್‌ಗೆ ಕಿವಿ ಮುಚ್ಕೋ ಅಂದೆ, ಮುಚ್ಕೊಂಡು ನಗ್ತಾ ನಿಂತಿದಾಳೆ. ಭಾವ ಆಗ್ಲೇ "ಬೇಡ ಕಣೋ, ಬೇಡ" ಅಂತಿದಾನೆ.

ಹೊರಟೆ ಅಕ್ಕ. ಬಾಗಿಲು ಎಷ್ಟು ಜೋರಾಗಿ ಬಡಿದು ಮುಚ್ತೀನಿ ಅಂದ್ರೆ, ಎರಡು ಬೀದಿ ಆಚೆ ನಿನ್ನ ಕೈಲಿರೋ ಕುಂಚಕ್ಕೆ ಕೇಳಿಸಬೇಕು.